ದೊಡ್ಡ ಮಕ್ಕಳ ಜೊತೆ ಲಂಡನ್: ಎಂಟು ದಿನ ಹೇಗೆ ಹಂಚಿಕೊಳ್ಳೋದು?

ಓದುಗರ ಪ್ರಶ್ನೆ: ಮೇ ತಿಂಗಳಲ್ಲಿ ಎಂಟು ದಿನ ಲಂಡನ್‌ಗೆ ಹೋಗುತ್ತಿದ್ದೇವೆ. ಮಗಳಿಗೆ 16, ಮಗನಿಗೆ 13. ನೋಡಬೇಕಾದ ಜಾಗಗಳ ಪಟ್ಟಿ ಆಗಲೇ ನಲವತ್ತು ದಾಟಿದೆ. ಮಕ್ಕಳನ್ನು ಕೇಳಿದರೆ "ಏನಾದ್ರೂ ಸರಿ" ಅಂತಾರೆ. ಅಲ್ಲಿಗೆ ಹೋದ ಮೇಲೆ ಮುಖ ಊದಿಸಿಕೊಂಡು ಮೊಬೈಲ್ ನೋಡುತ್ತಾ ಕೂತರೆ ಏನು ಮಾಡೋದು? ಪ್ಲ್ಯಾನ್ ಹೇಗಿರಬೇಕು?

ಉತ್ತರ: "ಏನಾದ್ರೂ ಸರಿ" ಅನ್ನೋ ಮಾತಿಗೆ ಒಪ್ಪಿಗೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಅಪ್ಪ ಅಮ್ಮ ಎಲ್ಲ ತೀರ್ಮಾನ ಮಾಡಿಬಿಟ್ಟಿದ್ದಾರೆ, ಇನ್ನು ನಾವು ಹೇಳಿ ಏನು ಪ್ರಯೋಜನ ಅನ್ನಿಸಿದಾಗ ಈ ವಯಸ್ಸಿನವರು ಹಾಗೇ ಹೇಳೋದು. ಎಂಟರಲ್ಲಿ ಒಂದು ದಿನ ಪೂರ್ತಿ ಮಗಳಿಗೆ ಕೊಡಿ, ಒಂದು ದಿನ ಮಗನಿಗೆ. ಎಲ್ಲಿಗೆ ಹೋಗೋದು, ಯಾವ ರೈಲು ಹಿಡಿಯೋದು, ಊಟ ಎಲ್ಲಿ, ಖರ್ಚು ಎಷ್ಟು, ಎಲ್ಲ ಅವರೇ ನೋಡಿಕೊಳ್ಳಲಿ. ನೀವು ಹಿಂದೆ ನಡೆಯಿರಿ. ದಾರಿ ತಪ್ಪಿದರೂ ತಕ್ಷಣ ಬಾಯಿ ಹಾಕಬೇಡಿ. ಲಂಡನ್‌ನಲ್ಲಿ ತಪ್ಪು ರೈಲು ಹತ್ತಿದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬಂದರಾಯಿತು, ಅಷ್ಟೇ.

ಉಳಿದ ದಿನಗಳಿಗೆ ನನ್ನ ಲೆಕ್ಕ ದಿನಕ್ಕೆ ಎರಡೇ ಜಾಗ. ನಾವು ಹೋದಾಗ ಮೊದಲ ದಿನವೇ ನಾನು ಐದು ಜಾಗ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮಗ ಮ್ಯೂಸಿಯಂ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿಬಿಟ್ಟ. "ಅಮ್ಮಾ, ನೀನು ಹೋಗಿ ನೋಡ್ಕೊಂಡು ಬಾ, ನಾನು ಇಲ್ಲೇ ಇರ್ತೀನಿ" ಅಂದ. ಅವನ ಕಾಲ್ಬೆರಳಿಗೆ ಬೊಬ್ಬೆ ಎದ್ದಿತ್ತು. ಅವತ್ತು ರಾತ್ರಿ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿದೆ. ಆಮೇಲಿನ ದಿನಗಳೇ ನಮಗೆ ಈಗಲೂ ನೆನಪಿರೋದು.

ಎರಡೇ ಜಾಗ ಅಂದರೆ ಸಮಯ ಹಾಳು ಅನ್ನಿಸಬಹುದು. ಆದರೆ ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತರ ಹತ್ತಿರ. ಊಟದ ನಂತರವೂ ಬೆಳಕಿರುತ್ತದೆ. ಆಗ ನಮ್ಮ ಗಡಿಯಾರ ಅವರಿಗಿಂತ ನಾಲ್ಕೂವರೆ ಗಂಟೆ ಮುಂದಿರುವುದರಿಂದ ಮೊದಲ ಎರಡು ದಿನ ಮಕ್ಕಳು ತಾವಾಗೇ ಐದು ಗಂಟೆಗೆ ಎದ್ದು ಕೂರುತ್ತಾರೆ. ಆ ಹೊತ್ತಲ್ಲಿ ಪಾರ್ಕ್‌ಗೆ ಕರೆದುಕೊಂಡು ಹೋಗಿ. ಸ್ವೆಟರ್ ಮರೆಯಬೇಡಿ, ಬೆಳಿಗ್ಗೆ ಚಳಿ ಇರುತ್ತದೆ.

ಈಗ ಜಾಗಗಳು. ಎಲ್ಲಕ್ಕಿಂತ ಮೊದಲು ನಾನು ಹೇಳೋದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅಲ್ಲಿ ಟಿಪ್ಪುವಿನ ಹುಲಿ ಇದೆ. ನಮ್ಮ ಮಕ್ಕಳು ಪಾಠದಲ್ಲಿ ಓದಿರುತ್ತಾರೆ, ಶ್ರೀರಂಗಪಟ್ಟಣಕ್ಕೆ ಶಾಲೆಯ ಟ್ರಿಪ್ ಹೋಗಿರುತ್ತಾರೆ. ಅದೇ ಊರಿನ ವಸ್ತು ಇಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿದೆ. ಮರದ ಹುಲಿ, ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ಉದ್ದ. ಕೆಳಗೆ ಅಂಗಾತ ಬಿದ್ದ ಯುರೋಪಿನ ಸೈನಿಕ, ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹಿಡಿ ತಿರುಗಿಸಿದರೆ ಸೈನಿಕನ ಕೈ ಮೇಲೆ ಕೆಳಗೆ ಆಡುವ, ಅವನ ಬಾಯಿಂದ ನರಳುವ ದನಿ ಬರುವ, ಹುಲಿ ಗುರುಗುಟ್ಟುವ ಹಾಗೆ ಮಾಡಿದ್ದಾರೆ. ಹುಲಿಯ ಮೈಯೊಳಗೆ ಸಣ್ಣದೊಂದು ಆರ್ಗನ್ನೇ ಇದೆ, ನುಡಿಸಲು ಗುಂಡಿಗಳ ಸಾಲು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಇದನ್ನು ತೆಗೆದುಕೊಂಡು ಹೋಯಿತು. ಈಗ ನೋಡಲು ಬಂದವರು ಹಿಡಿ ತಿರುಗಿಸುವ ಹಾಗಿಲ್ಲ.

ನಾವು ಹೋದಾಗ ನನ್ನ ಮಗಳು ಅದರ ಮುಂದೆ ಇಪ್ಪತ್ತು ನಿಮಿಷ ನಿಂತಳು. "ಇದು ನಮ್ಮದಲ್ವಾ, ಇಲ್ಲಿ ಯಾಕಿದೆ?" ಅಂತ ಕೇಳಿದಳು. ಊಟ ಮುಗಿಯೋವರೆಗೂ ಮನೆಮಂದಿಯೆಲ್ಲ ಅದನ್ನೇ ಮಾತಾಡಿದೆವು. ಹದಿನಾರು ವರ್ಷದ ಹುಡುಗಿ ತಾನಾಗೇ ಇಂಥ ಪ್ರಶ್ನೆ ಕೇಳೋದು ನನಗಂತೂ ಇಡೀ ಪ್ರವಾಸದ ದೊಡ್ಡ ಸಂತೋಷ. ಸಾಧ್ಯವಾದರೆ ಹೊರಡುವ ಮೊದಲು ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಮತ್ತೆ ಹೋಗಿಬನ್ನಿ. ಕೋಟೆ ನೋಡಿ ಹೋದವರಿಗೆ ಆ ಹುಲಿ ಬೇರೆಯೇ ಕಾಣುತ್ತದೆ. ಈ ಮ್ಯೂಸಿಯಂಗೆ ಪ್ರವೇಶ ಉಚಿತ. ರಸ್ತೆಯ ಆಚೆಗಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ ಕೂಡ ಉಚಿತ. ಮೂರೂ ಹತ್ತಿರ ಇವೆ ಅಂತ ಒಂದೇ ದಿನಕ್ಕೆ ತುರುಕಬೇಡಿ.

ಮಗನಿಗೆ ಕ್ರಿಕೆಟ್ ಇಷ್ಟವಿದ್ದರೆ ಲಾರ್ಡ್ಸ್ ಮೈದಾನದ ಟೂರ್ ಬುಕ್ ಮಾಡಿ. ಡ್ರೆಸ್ಸಿಂಗ್ ರೂಮಿನ ಗೋಡೆಯ ಮೇಲೆ ಶತಕ ಹೊಡೆದವರ, ಐದು ವಿಕೆಟ್ ತೆಗೆದವರ ಹೆಸರಿನ ಬೋರ್ಡ್‌ಗಳಿವೆ. 1996ರಲ್ಲಿ ನಮ್ಮ ರಾಹುಲ್ ದ್ರಾವಿಡ್ ತಮ್ಮ ಮೊದಲ ಟೆಸ್ಟ್ ಆಡಿದ್ದು ಇಲ್ಲೇ. 95ಕ್ಕೆ ಔಟಾದರು, ಐದು ರನ್‌ನಿಂದ ಬೋರ್ಡ್ ತಪ್ಪಿತು. ಅದೇ ಪಂದ್ಯದಲ್ಲಿ ಐದು ವಿಕೆಟ್ ತೆಗೆದು ವೆಂಕಟೇಶ್ ಪ್ರಸಾದ್ ಬೋರ್ಡ್ ಸೇರಿದರು. ದ್ರಾವಿಡ್ ಹೆಸರು ಬರಲು 2011ರವರೆಗೆ ಕಾಯಬೇಕಾಯಿತು, ಆ ಸಲ ಅಜೇಯ 103. ಈ ಕಥೆಯನ್ನು ಮೊದಲೇ ಹೇಳಿಟ್ಟಿರಿ, ಮಗ ಬೋರ್ಡ್‌ನಲ್ಲಿ ಆ ಎರಡು ಹೆಸರು ತಾನೇ ಹುಡುಕುತ್ತಾನೆ. ಪಂದ್ಯ ಇರುವ ದಿನ ಟೂರ್ ಇರುವುದಿಲ್ಲ, ದಿನಾಂಕ ನೋಡಿಕೊಳ್ಳಿ.

ಇನ್ನೊಂದು ದಿನ ಗ್ರೀನಿಚ್. ವೆಸ್ಟ್‌ಮಿನ್‌ಸ್ಟರ್‌ನಿಂದ ದೋಣಿಯಲ್ಲಿ ಹೋಗಿ. ಸೊನ್ನೆ ರೇಖಾಂಶದ ಹತ್ತಿರ ನಿಂತು ಮಕ್ಕಳಿಗೆ ಒಂದು ಲೆಕ್ಕ ಕೊಡಿ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, 15 ಡಿಗ್ರಿಗೆ ಒಂದು ಗಂಟೆ. ಉತ್ತರ ಐದೂವರೆ. ಹಾಗಾದರೆ ನಾಲ್ಕೂವರೆ ಗಂಟೆ ವ್ಯತ್ಯಾಸ ಯಾಕೆ? ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ ಅನ್ನೋದನ್ನು ಅವರೇ ಕಂಡುಹಿಡಿಯಲಿ. ವಾಪಸ್ ಬರುವಾಗ ಥೇಮ್ಸ್ ನದಿಯ ಕೆಳಗೆ ನಡೆದುಕೊಂಡೇ ಬನ್ನಿ. 1902ರಲ್ಲಿ ಕಟ್ಟಿದ ಸುರಂಗ, ಸುಮಾರು 370 ಮೀಟರ್, ಒಳಗೆಲ್ಲ ಬಿಳಿ ಟೈಲ್ಸ್, ಮಾತಾಡಿದರೆ ದನಿ ಗುಂಯ್ ಅನ್ನುತ್ತದೆ. ದುಡ್ಡು ಕೊಡಬೇಕಿಲ್ಲ. ಆಚೆ ದಡದಲ್ಲಿ ಡಿಎಲ್ಆರ್ ರೈಲು ಸಿಗುತ್ತದೆ. ಡ್ರೈವರ್ ಇಲ್ಲದ ರೈಲು. ತೀರಾ ಮುಂದಿನ ಸೀಟು ಸಿಕ್ಕಿದರೆ ಹದಿಮೂರರ ಹುಡುಗ ಬೇರೆ ಏನೂ ಕೇಳುವುದಿಲ್ಲ.

ಒಂದು ಸಂಜೆ ಸುಮ್ನೆ ನದಿ ಪಕ್ಕ ನಡೆಯಿರಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿದರೆ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಕೆಂಪು ಹೃದಯ ಬಿಡಿಸಿದ ಉದ್ದನೆಯ ಗೋಡೆ. ಹಾಗೇ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ, 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು. ಅಲ್ಲಿ ಕೂತು ಒಂದು ವಚನ ಹೇಳಿಸಿ, ಮಕ್ಕಳಿಗೆ ಬರುತ್ತದೆ.

ಮಗಳಿಗೆ ನಾಟಕದ ಆಸೆ ಇದ್ದರೆ ಗ್ಲೋಬ್ ರಂಗಮಂದಿರದಲ್ಲಿ ನಿಂತು ನೋಡುವ ಟಿಕೆಟ್ ತೆಗೆದುಕೊಳ್ಳಿ. ವೇದಿಕೆಯ ಬುಡದಲ್ಲೇ ನಿಲ್ಲಬಹುದು, ಬೆಲೆಯೂ ಕಡಿಮೆ. ನಿಂತವರ ತಲೆಯ ಮೇಲೆ ಸೂರಿಲ್ಲ, ಮಳೆ ಬಂದರೆ ನೆನೆಯಬೇಕು. ಬಯಲಾಟ ನೋಡಿದ ಮಕ್ಕಳಿಗೆ ಇದು ಕಷ್ಟ ಅನ್ನಿಸದು. ಎತ್ತರದಿಂದ ಊರು ನೋಡಲು ಸ್ಕೈ ಗಾರ್ಡನ್ ಅನ್ನೋ ಗಗನಚುಂಬಿ ಕಟ್ಟಡದ ಮೇಲಿನ ತೋಟ ಉಚಿತ, ಆದರೆ ಕೆಲವು ವಾರ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಿ. ಈ ಬುಕಿಂಗ್ ಕೆಲಸ ಮಗಳಿಗೇ ಒಪ್ಪಿಸಿ.

ಓಡಾಟಕ್ಕೆ ಒಂದು ಉಳಿತಾಯ ಇದೆ. 11ರಿಂದ 15 ವರ್ಷದವರಿಗೆ ಆಯ್‌ಸ್ಟರ್ ಕಾರ್ಡ್ (ಅಲ್ಲಿನ ರೈಲು, ಬಸ್ಸಿನ ಪ್ರಯಾಣದ ಕಾರ್ಡ್) ಮೇಲೆ ಯಂಗ್ ವಿಸಿಟರ್ ರಿಯಾಯಿತಿ ಸಿಗುತ್ತದೆ. ಟ್ಯೂಬ್ (ಲಂಡನ್‌ನ ಮೆಟ್ರೊ ರೈಲು) ಸ್ಟೇಷನ್‌ನ ಸಿಬ್ಬಂದಿಯನ್ನು ಕೇಳಿದರೆ ಹಾಕಿಕೊಡುತ್ತಾರೆ, 14 ದಿನದವರೆಗೆ ಅರ್ಧ ದರ. ಮಗನಿಗೆ ಇದು ಸಿಗುತ್ತದೆ, ಮಗಳಿಗೆ ವಯಸ್ಸು ದಾಟಿದೆ. ಬ್ಯಾಂಕ್ ಕಾರ್ಡ್ ಮುಟ್ಟಿಸಿ ಹೋಗುವುದಾದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು.

ಕೊನೆಯದು, ಅವರನ್ನು ಸ್ವಲ್ಪ ಒಂಟಿಯಾಗಿ ಬಿಡುವ ವಿಷಯ. ಮ್ಯೂಸಿಯಂ ಒಳಗೆ ಒಂದು ಗಂಟೆ ಇಬ್ಬರನ್ನೂ ಬಿಡಿ, ಸೇರುವ ಜಾಗ ಮತ್ತು ಸಮಯ ಗಟ್ಟಿ ಮಾಡಿಕೊಳ್ಳಿ. ರಸ್ತೆ ಬದಿಯಲ್ಲಿ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ ಅಂತ ಹೇಳಿ, ಬೈಕ್‌ನಲ್ಲಿ ಬಂದು ಕಿತ್ತುಕೊಂಡು ಹೋಗುವವರು ಇದ್ದಾರೆ. ಟ್ಯೂಬ್‌ನಲ್ಲಿ ಬಾಗಿಲು ಮುಚ್ಚಿ ಒಬ್ಬರು ಹಿಂದೆ ಉಳಿದರೆ, ರೈಲಿನಲ್ಲಿ ಇದ್ದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಮುಂದಿನ ರೈಲಿಗೆ ಬರಬೇಕು. ಈ ಮಾತನ್ನು ಮೊದಲ ದಿನ ಪ್ಲಾಟ್‌ಫಾರ್ಮ್‌ಗೆ ಇಳಿಯುವ ಮೊದಲೇ ಆಡಿಕೊಳ್ಳಿ, ಇಬ್ಬರ ಬಾಯಲ್ಲೂ ಒಮ್ಮೆ ಹೇಳಿಸಿ.