ಲಕ್ವ ಹೊಡೆದ ಕೈ ಮತ್ತೆ ರೊಟ್ಟಿ ಬಡಿಯುವುದನ್ನು ಕಲಿಯುತ್ತದಾ?

ಆಳಂದ ಕಡೆಯ ಓದುಗರೊಬ್ಬರ ಪ್ರಶ್ನೆ: "ಅವ್ವನಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಈಗ ನಡೆಯುತ್ತಾರೆ. ಬಲಗೈ ಬೆರಳು ಸ್ವಲ್ಪ ಬಿಚ್ಚುತ್ತವೆ, ಮಣಿಕಟ್ಟೂ ತುಸು ಮೇಲೆ ಏಳುತ್ತದೆ. ದಿನಾ ನಾವೇ ಕೈ ಹಿಡಿದು ಮಡಚಿ ಬಿಡಿಸುತ್ತೇವೆ. ಆದರೂ ಎಲ್ಲಾ ಕೆಲಸ ಎಡಗೈಯಲ್ಲೇ. ಮತ್ತೆ ರೊಟ್ಟಿ ಬಡಿಯೋಕೆ ಆಗುತ್ತಾ, ಆರು ತಿಂಗಳು ದಾಟಿದ ಮೇಲೆ ಮುಗೀತಾ?"

ಮುಗಿದಿಲ್ಲ. ಮೊದಲ ಮೂರು ತಿಂಗಳು ಚೇತರಿಕೆ ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ನಿಜ. ಆದರೆ ನಿಲ್ಲುವುದಿಲ್ಲ. ಮೊದಲಿನಷ್ಟೇ ತೆಳ್ಳನೆ ರೊಟ್ಟಿ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಬೆರಳು, ಮಣಿಕಟ್ಟು ಇಷ್ಟಾದರೂ ಆಡುತ್ತಿವೆ ಅಂದರೆ ಕಲಿಯೋಕೆ ಬಂಡವಾಳ ಇದೆ.

ನೀವು ಮಡಚಿ ಬಿಡಿಸುವುದು ಕೀಲು ಬಿಗಿಯದಂತೆ ನೆರವಾಗಬಹುದು. ಅದು ಬೇಕು. ಆದರೆ ಆಗ ಕೈ ಆಡಿಸುತ್ತಿರುವುದು ನಿಮ್ಮ ಮೆದುಳು, ಅವ್ವನದಲ್ಲ.

1920ರ ದಶಕದಲ್ಲಿ ಮಾಸ್ಕೋದ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ, ಪಳಗಿದ ಕೆಲಸಗಾರರು ಉಳಿಗೆ ಸುತ್ತಿಗೆ ಹೊಡೆಯುವುದನ್ನು ಕ್ಯಾಮೆರಾದಲ್ಲಿ ಹಿಡಿದು ಅಳೆದರು. ಸುತ್ತಿಗೆ ಪ್ರತಿ ಸಲವೂ ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲ ಬೇರೆ ಬೇರೆ ರೀತಿ ಬಾಗುತ್ತಿದ್ದವು. ಒಂದು ಕೀಲು ತುಸು ತಪ್ಪಿದರೆ ಇನ್ನೊಂದು ಸರಿದೂಗಿಸುತ್ತಿತ್ತು. ಬೀದರಿಗೆ ಹೋದಾಗ ಬಿದರಿ ಕೆಲಸಗಾರರ ಕೈಯನ್ನು ಸುಮ್ನೆ ಹತ್ತು ನಿಮಿಷ ನೋಡಿ, ಇದು ನೆನಪಾಗುತ್ತದೆ. ಪಳಗಿದ ಕೈ ಒಂದೇ ಚಲನೆಯನ್ನು ಬಾಯಿಪಾಠ ಮಾಡಿರುವುದಿಲ್ಲ. ಗುರಿ ಮುಟ್ಟುವ ದಾರಿಯನ್ನು ಪ್ರತಿ ಸಲ ಹೊಸದಾಗಿ ಹುಡುಕುತ್ತದೆ.

ರೊಟ್ಟಿಯೂ ಹಾಗೇ ಅಲ್ವಾ? ಒಂದು ದಿನ ಹಿಟ್ಟಿಗೆ ಜಿಗಿ ಇರುತ್ತದೆ, ಇನ್ನೊಂದು ದಿನ ಅಂಚು ಬಿರಿಯುತ್ತದೆ. ಕೈ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಹೊಸದಾಗಿ ಕಲಿಯುವ ಹುಡುಗಿಯನ್ನು ನೋಡಿ: ಭುಜ, ಮೊಣಕೈ ಬಿಗಿ ಹಿಡಿದು ಬಡಿಯುತ್ತಾಳೆ. ರೊಟ್ಟಿ ಹರಿಯುತ್ತದೆ, ಮತ್ತೆ ಬಡಿಯುತ್ತಾಳೆ, ಕೈ ಸಡಿಲವಾಗುತ್ತಾ ಬರುತ್ತದೆ. ಅವ್ವನ ದಾರಿಯೂ ಇದೇ. ಶಕ್ತಿ ಕಡಿಮೆ, ಸ್ಪರ್ಶ ಮಂದ ಇರಬಹುದು, ಹಾಗಾಗಿ ಹೊತ್ತು ಜಾಸ್ತಿ ಬೇಕು. ಆದರೆ ತಾವೇ ಮಾಡಿ, ತಪ್ಪಿ, ತಿದ್ದಿಕೊಳ್ಳದೆ ಇಬ್ಬರಿಗೂ ಬರುವುದಿಲ್ಲ.

ಇನ್ನು ಎಡಗೈ ವಿಷಯ. ಬಲಗೈ ಹತ್ತು ಸಲ ಸೋತರೆ ಮೆದುಳು ಅದನ್ನು ಕೇಳುವುದನ್ನೇ ಬಿಡುತ್ತದೆ. ಆಗುವ ಕೆಲಸವನ್ನೂ ಮಾಡುವುದಿಲ್ಲ. ಎಡ್ವರ್ಡ್ ಟೌಬ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಗುರುತಿಸಿ, ಚೆನ್ನಾಗಿರುವ ಕೈಗೆ ಗವಸು ಹಾಕಿ ಸೋತ ಕೈಯಿಂದ ಕೆಲಸ ಮಾಡಿಸುವ ಪದ್ಧತಿ ರೂಪಿಸಿದರು. 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 222 ಜನ ಇದ್ದರು, ಎಲ್ಲರಿಗೂ ಲಕ್ವ ಹೊಡೆದು 3ರಿಂದ 9 ತಿಂಗಳಾಗಿತ್ತು. ಎರಡು ವಾರ ಹೀಗೆ ಮಾಡಿದವರ ಕೈ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಆದರೆ ನೀವಾಗಿಯೇ ಎಡಗೈ ಕಟ್ಟಬೇಡಿ, ಆಯ ತಪ್ಪಿ ಬಿದ್ದಾರು. ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಯೇ ಮಾಡಿ.

ಮನೆಯಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ಟೇಬಲ್ ಮೇಲೆ ಪರಾತ ಇಟ್ಟು ಎರಡೂ ಕೈಯಲ್ಲಿ ಹಿಟ್ಟು ನಾದಲಿ, ಉಂಡೆ ಕಟ್ಟಲಿ, ಅಂಗೈಯಷ್ಟು ಚಿಕ್ಕ ರೊಟ್ಟಿ ಬಡಿಯಲಿ. ನಡುವೆ ಬಲಗೈಯಿಂದ ತೊಗರಿಬೇಳೆ ಆರಿಸಲಿ, ಲೋಟ ಎತ್ತಿಡಲಿ. ಒಂದನ್ನೇ ಮಾಡುತ್ತಾ ಕೂರುವುದಕ್ಕಿಂತ ಕೆಲಸ ಬೆರೆಸಿ ಮಾಡಿದರೆ ಆ ಹೊತ್ತಿಗೆ ಕಷ್ಟ ಅನಿಸಬಹುದು. ಆದರೆ ಕಲಿತದ್ದು ಮರುದಿನಕ್ಕೆ ಚೆನ್ನಾಗಿ ಉಳಿಯುತ್ತದೆ. "ಬೆರಳು ನೀಡು" ಅನ್ನಬೇಡಿ, "ಅವ್ವ, ಅಂಚು ದಪ್ಪ ಇದೆ" ಅನ್ನಿ. ಗಮನ ಬೆರಳಿನ ಮೇಲೆ ಇರುವುದಕ್ಕಿಂತ ರೊಟ್ಟಿಯ ಮೇಲಿದ್ದರೆ ಕೈ ಸಲೀಸಾಗಿ ಆಡುತ್ತದೆ. ಹರಿದರೆ ಕೂಡಲೇ ಕಸಿದುಕೊಳ್ಳಬೇಡಿ, ದಯವಿಟ್ಟು. ಸುಸ್ತಾದರೆ ನಿಲ್ಲಿಸಿ.

ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಭುಜಕ್ಕೆ ಪೆಟ್ಟಾಗುತ್ತದೆ. ಬಿಸಿ ತಾಗಿದ್ದು ಆ ಕೈಗೆ ಗೊತ್ತಾಗದೆಯೂ ಇರಬಹುದು. ಹಾಗಾಗಿ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕುವ ಕೆಲಸ ಸದ್ಯಕ್ಕೆ ನಿಮ್ಮದೇ ಇರಲಿ.