ಪದ ಪರಿಚಯ: ರಿಸರ್ಚ್ ಪೋಸ್ಟರ್

ಒಂದು ಸಂಶೋಧನೆಯ ತಿರುಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಬೋರ್ಡಿಗೆ ಅಂಟಿಸಿ, ಪಕ್ಕದಲ್ಲೇ ನಿಂತು ಬಂದವರಿಗೆ ವಿವರಿಸುವುದಕ್ಕೆ ಪೋಸ್ಟರ್ ಪ್ರೆಸೆಂಟೇಶನ್ ಅನ್ನುತ್ತಾರೆ. ಆ ಹಾಳೆಯೇ ರಿಸರ್ಚ್ ಪೋಸ್ಟರ್. ಡಿಗ್ರಿ, ಎಂ.ಎಸ್ಸಿ, ಇಂಜಿನಿಯರಿಂಗ್ ಓದುವ ಎಷ್ಟೋ ಮಂದಿ ಸಂಶೋಧಕರ ಸಮ್ಮೇಳನಕ್ಕೆ ಮೊದಲ ಸಲ ಕಾಲಿಡುವುದು ಇದರ ಮೂಲಕವೇ. ವೇದಿಕೆಯಲ್ಲಿ ಮಾತಾಡುವ ಅವಕಾಶ ಸಿಗದವರಿಗೆ ಪೋಸ್ಟರ್ ಎಂದು ಕೆಲವರು ಇದನ್ನು ಕಡೆಗಣಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ವೇದಿಕೆಯ ಮೇಲೆ ಹತ್ತು ನಿಮಿಷ ಮಾತಾಡಿದರೆ ಎರಡು ಪ್ರಶ್ನೆ ಬರಬಹುದು. ಪೋಸ್ಟರ್ ಮುಂದೆ ನಿಂತರೆ ಆ ವಿಷಯದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು ನಿಮ್ಮ ಜೊತೆ ಕಾಲು ಗಂಟೆ ಕೂಡ ಮಾತಾಡಬಹುದು.

ಈ ಪದ್ಧತಿಗೆ ತುಂಬಾ ವಯಸ್ಸಾಗಿಲ್ಲ. ಸಮ್ಮೇಳನಗಳಿಗೆ ಬರುವವರು ಹೆಚ್ಚಾದರು, ಎಲ್ಲರಿಗೂ ಭಾಷಣದ ಸಮಯ ಕೊಡುವುದು ಆಗದ ಮಾತಾಯಿತು. 1969ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಸೇರಿದ ಯುರೋಪಿನ ಜೀವರಸಾಯನ ಸಂಘಗಳ ಒಕ್ಕೂಟದ ಸಭೆ, ಪೋಸ್ಟರುಗಳು ಮೊದಮೊದಲು ಕಾಣಿಸಿಕೊಂಡ ಅಂತರರಾಷ್ಟ್ರೀಯ ಸಭೆಗಳಲ್ಲಿ ಒಂದು. ಅಮೆರಿಕದಲ್ಲಿ ಇದು ಶುರುವಾದದ್ದು 1970ರ ದಶಕದಲ್ಲಿ.

ನಡೆಯುವ ಕ್ರಮ ಹೀಗೆ. ಮೊದಲು ಒಂದು ಅಬ್ಸ್ಟ್ರಾಕ್ಟ್, ಅಂದರೆ ಕೆಲಸದ ಚಿಕ್ಕ ಸಾರಾಂಶ, ಕಳಿಸಬೇಕು, ಸಾಮಾನ್ಯವಾಗಿ 250-300 ಪದ. ಅದು ಆಯ್ಕೆಯಾದರೆ ಪೋಸ್ಟರಿಗೆ ಒಂದು ನಂಬರ್ ಕೊಡುತ್ತಾರೆ. ಆ ನಂಬರಿನ ಬೋರ್ಡ್ ನಿಮ್ಮದು. ಒಂದೆರಡು ಗಂಟೆಯ ಪೋಸ್ಟರ್ ಸೆಷನ್‌ನಲ್ಲಿ ಜನ ಓಡಾಡುತ್ತಾರೆ, ಕೆಲವು ಕಡೆ ತೀರ್ಪುಗಾರರೂ ಬರುತ್ತಾರೆ. ಅಳತೆಯನ್ನು ಆಯೋಜಕರೇ ಹೇಳಿರುತ್ತಾರೆ. ಎ0 ಅಳತೆಯ ಹಾಳೆ ಅಂದರೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. ನಮ್ಮ ಕಡೆ 3 ಅಡಿ, 4 ಅಡಿ ಎಂದು ಅಡಿ ಲೆಕ್ಕದಲ್ಲಿ ಹೇಳುವುದೂ ಉಂಟು. ಉದ್ದುದ್ದವೋ ಅಡ್ಡಡ್ಡವೋ ಅನ್ನುವುದನ್ನು ಡಿಸೈನ್ ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಿ. ಬೋರ್ಡಿನಿಂದ ಆಚೆ ಇಣುಕುವ ಪೋಸ್ಟರನ್ನು ಅಲ್ಲಿ ಹೋಗಿ ಸರಿಮಾಡಲು ಆಗುವುದಿಲ್ಲ.

ಒಳಗೆ ಏನಿರುತ್ತದೆ? ಶೀರ್ಷಿಕೆ, ಹೆಸರುಗಳು, ಕಾಲೇಜು, ಪ್ರಶ್ನೆ, ಮಾಡಿದ ವಿಧಾನ, ಸಿಕ್ಕ ಫಲಿತಾಂಶ, ತೀರ್ಮಾನ, ಕೊನೆಗೆ ನೆರವಾದವರಿಗೆ ಕೃತಜ್ಞತೆ. ಪಟ್ಟಿ ಸುಲಭ. ಕಷ್ಟವಿರುವುದು ಏನನ್ನು ಬಿಡಬೇಕು ಅನ್ನುವುದರಲ್ಲಿ. ಪ್ರಾಜೆಕ್ಟ್ ರಿಪೋರ್ಟಿನ ಪ್ಯಾರಾಗಳನ್ನು ಹಾಗೇ ಎತ್ತಿ ಅಂಟಿಸಿದ ಪೋಸ್ಟರುಗಳೇ ಎಲ್ಲೆಡೆ ಜಾಸ್ತಿ. ನಿಂತುಕೊಂಡು, ಗದ್ದಲದ ನಡುವೆ, ಎರಡು ಸಾವಿರ ಪದ ಓದುವವರು ಯಾರು? ಪೋಸ್ಟರ್ ಇರುವುದು ಮಾತು ಶುರುವಾಗಲಿ ಅಂತ. ಉಳಿದ ವಿವರ ಹೇಳಲು ನೀವು ಪಕ್ಕದಲ್ಲೇ ಇರುತ್ತೀರಲ್ವಾ?

ಒಂದು ಉದಾಹರಣೆ ಕಟ್ಟೋಣ. ಒಬ್ಬ ವಿದ್ಯಾರ್ಥಿನಿ ಪಾವಗಡ ತಾಲ್ಲೂಕಿನ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಳೆದಿದ್ದಾಳೆ ಅಂದುಕೊಳ್ಳಿ. ರೂಢಿಯ ಶೀರ್ಷಿಕೆ 'ಪಾವಗಡ ತಾಲ್ಲೂಕಿನ ಅಂತರ್ಜಲದ ಭೌತ-ರಾಸಾಯನಿಕ ಗುಣಗಳ ಒಂದು ಅಧ್ಯಯನ'. ಏನು ಸಿಕ್ಕಿತು ಅನ್ನುವುದು ಇದರಲ್ಲಿ ಇಲ್ಲ. 'ನಾವು ನೋಡಿದ ಬಾವಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಫ್ಲೋರೈಡ್ ಮಿತಿ ಮೀರಿದೆ' ಎಂದು ಬರೆದರೆ ದಾರಿಯಲ್ಲಿ ಹೋಗುವವರು ನಿಲ್ಲುತ್ತಾರೆ. ಕೆಳಗೆ ತಾಲ್ಲೂಕಿನ ನಕ್ಷೆ, ಅದರ ಮೇಲೆ ಬಾವಿಗಳ ಚುಕ್ಕೆ. ಪಕ್ಕದಲ್ಲಿ ಒಂದು ಗ್ರಾಫ್. ಅದರಲ್ಲಿ ಲೀಟರಿಗೆ 1.5 ಮಿ.ಗ್ರಾಂ ಹತ್ತಿರ ಒಂದು ಗೆರೆ. ಬೇರೆ ನೀರಿನ ಮೂಲ ಇಲ್ಲದಿದ್ದಾಗಲೂ ಭಾರತೀಯ ಮಾನಕ ಇದಕ್ಕಿಂತ ಹೆಚ್ಚು ಫ್ಲೋರೈಡನ್ನು ಒಪ್ಪುವುದಿಲ್ಲ. ಇಪ್ಪತ್ತು ಸಾಲಿನ ಟೇಬಲ್ ಹೇಳುವುದನ್ನು ಆ ಒಂದು ಗೆರೆ ಹೇಳುತ್ತದೆ. ಮಿತಿಯೊಳಗಿನ ಬಾವಿಗೆ ಹಸಿರು, ಮೀರಿದ ಬಾವಿಗೆ ಕೆಂಪು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಈ ಎರಡು ಬಣ್ಣದ ವ್ಯತ್ಯಾಸ ಕಾಣದವರು, ಮುಖ್ಯವಾಗಿ ಗಂಡಸರಲ್ಲಿ, ಸಾಕಷ್ಟು ಇದ್ದಾರೆ. ನೀಲಿ ಮತ್ತು ಕಿತ್ತಳೆ ಒಳ್ಳೆಯದು.

ಸಿಕ್ಕ ಫಲಿತಾಂಶವನ್ನೇ ಮುಂದಿಡುವ ಈ ಯೋಚನೆಯನ್ನು ತುದಿಯವರೆಗೆ ಕೊಂಡೊಯ್ದವರು ಮೈಕ್ ಮಾರಿಸನ್. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದಾಗ, 2019ರಲ್ಲಿ, 'ಬೆಟರ್ ಪೋಸ್ಟರ್' ಹೆಸರಿನಲ್ಲಿ ಒಂದು ವಿಡಿಯೊ ಮಾಡಿದರು. ನಡುವೆ ಸರಳ ಮಾತಿನಲ್ಲಿ ಒಂದೇ ಒಂದು ಮುಖ್ಯ ಫಲಿತಾಂಶ, ಅದೂ ದಪ್ಪ ಅಕ್ಷರದಲ್ಲಿ. ಎಡಗಡೆ ಚಿಕ್ಕ ಸಾರಾಂಶ, ಬಲಗಡೆ ಗ್ರಾಫ್ ಮತ್ತು ಟೇಬಲ್, ಜೊತೆಗೆ ಪೂರ್ತಿ ಲೇಖನಕ್ಕೆ ಒಂದು ಕ್ಯೂಆರ್ ಕೋಡ್. ಇದು ಬೇಗ ಹರಡಿತು, ಟೀಕೆಯೂ ಬಂತು. ಮುಖ್ಯ ಚಿತ್ರ ಮೂಲೆಗೆ ಹೋಗುತ್ತದೆ ಎಂಬ ಟೀಕೆ ನನಗೆ ಸರಿ ಅನಿಸುತ್ತದೆ. ಫ್ಲೋರೈಡಿನ ಪೋಸ್ಟರಿನಲ್ಲಿ ನಕ್ಷೆಯೇ ನಡುವೆ ಇರಬೇಕು. ಆದರೆ ಒಂದು ವಾಕ್ಯವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ ಅನ್ನುವ ಪಾಠವನ್ನು ಪೂರ್ತಿ ಒಪ್ಪುತ್ತೇನೆ.

ಅಕ್ಷರದ ಗಾತ್ರ ಒಳಗಿನ ಬರಹಕ್ಕೆ 24 ಪಾಯಿಂಟಿಗಿಂತ ಕಡಿಮೆ ಬೇಡ, ಶೀರ್ಷಿಕೆಗೆ 80ರ ಆಸುಪಾಸು ಇರಲಿ. ವಾಟ್ಸಾಪಿನಲ್ಲಿ ಬಂದ ಫೋಟೊ ಮೊಬೈಲಿನಲ್ಲಿ ಚೆನ್ನಾಗಿದ್ದರೂ ದೊಡ್ಡದು ಮಾಡಿದಾಗ ಮಸುಕಾಗುತ್ತದೆ, ಮೂಲ ಫೈಲ್ ಕೇಳಿ ಪಡೆಯಿರಿ. ಕನ್ನಡದಲ್ಲಿ ಪೋಸ್ಟರ್ ಮಾಡುವವರಿಗೆ ಇನ್ನೊಂದು ಮಾತು. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಚದುರಿಹೋಗುತ್ತವೆ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ, ಪ್ರಿಂಟಿಗೆ ಮುಂಚೆ ಅಲ್ಲೇ ಪರದೆಯ ಮೇಲೆ ಪೂರ್ತಿ ಓದಿ ನೋಡಿ.

ಇನ್ನು ನಿಂತು ಹೇಳುವ ಕೆಲಸ. ಪೋಸ್ಟರಿಗೆ ಅಡ್ಡ ನಿಲ್ಲಬೇಡಿ, ಅದನ್ನು ಓದಿ ಹೇಳಲೂಬೇಡಿ. ಎರಡು ನಿಮಿಷದಲ್ಲಿ ಪ್ರಶ್ನೆ, ಮಾಡಿದ್ದು, ಸಿಕ್ಕಿದ್ದು ಹೇಳಿ ಮುಗಿಸಿ. ಅದಕ್ಕೂ ಮುಂಚೆ 'ಸರ್, ನೀವು ಯಾವ ವಿಷಯದವರು?' ಅಂತ ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ತಿಳಿಯುತ್ತದೆ. ರಸಾಯನಶಾಸ್ತ್ರದವರು ಅಳೆದ ವಿಧಾನ ಕೇಳುತ್ತಾರೆ. ಭೂವಿಜ್ಞಾನದವರು ಬಾವಿಯ ಆಳ ಕೇಳುತ್ತಾರೆ, ಮಳೆಗಾಲಕ್ಕೆ ಮುಂಚೆ ನೀರು ತೆಗೆದಿರೋ ಆಮೇಲೋ ಅಂತ ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ 'ಅದನ್ನು ನೋಡಿಲ್ಲ ಮೇಡಂ, ಬರೆದುಕೊಳ್ಳುತ್ತೇನೆ' ಅಂದರೆ ಸಾಕು, ನಿಜವಾಗಿಯೂ ಬರೆದುಕೊಳ್ಳಿ. ಜನಸಾಮಾನ್ಯರಿಗೆ ಹೇಳುವುದನ್ನು ನೋಡಿ ಕಲಿಯಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇಗೆ ಹೋಗಿ. ಶಾಲೆ ಮಕ್ಕಳಿಂದ ಹಿಡಿದು ಅಜ್ಜಂದಿರವರೆಗೆ ಯಾರು ಬಂದರೂ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಕೆಲಸ ವಿವರಿಸುತ್ತಾರೆ.

ಪೋಸ್ಟರ್ ಮತ್ತು ಪೇಪರ್ ಒಂದೇ ಅಲ್ಲ ಅನ್ನುವುದೂ ತಿಳಿದಿರಲಿ. ಅಬ್ಸ್ಟ್ರಾಕ್ಟನ್ನು ಪರಿಶೀಲಿಸಿದ್ದರೂ ಜರ್ನಲಿಗೆ, ಅಂದರೆ ಸಂಶೋಧನಾ ಪತ್ರಿಕೆಗೆ, ಕಳಿಸಿದ ಲೇಖನದಷ್ಟು ಕಟ್ಟುನಿಟ್ಟಿನ ವಿಮರ್ಶೆ ಪೋಸ್ಟರಿಗೆ ಆಗಿರುವುದಿಲ್ಲ. ಹಾಗಾಗಿ ಬಯೋಡೇಟಾದಲ್ಲಿ ಇದನ್ನು ಪ್ರಕಟಣೆಗಳ ಜೊತೆ ಸೇರಿಸದೆ ಬೇರೆಯಾಗಿ ಬರೆಯಿರಿ. ಝೆನೋಡೊ, ಫಿಗ್‌ಶೇರ್ ತರಹದ ತಾಣಗಳಲ್ಲಿ ಪೋಸ್ಟರನ್ನು ಉಚಿತವಾಗಿ ಇಡಬಹುದು, ಆನ್‌ಲೈನ್‌ನಲ್ಲಿ ಅದನ್ನು ಗುರುತಿಸುವ ಕಾಯಂ ನಂಬರ್ (ಡಿಒಐ) ಕೂಡ ಸಿಗುತ್ತದೆ. ಹಾಗೆ ಇಡುವ ಮುಂಚೆ ಗೈಡ್ ಹತ್ತಿರ ಒಂದು ಮಾತು ಕೇಳಿ. ಪೇಟೆಂಟಿಗೆ ಅರ್ಜಿ ಹಾಕುವ ಯೋಚನೆಯಿದ್ದರೆ, ಅದಕ್ಕೂ ಮೊದಲೇ ಎಲ್ಲರ ಮುಂದಿಟ್ಟದ್ದು ಅಡ್ಡಿಯಾಗಬಹುದು.