ಪದ ಪರಿಚಯ: ಪಕ್ಷೇತರ

ಗೋಣಿಕೊಪ್ಪದ ಕಾಫಿ ಮಳಿಗೆಯೊಂದರಲ್ಲಿ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಇಳಿಸಿ ಕಾಯುತ್ತಾ ಕೂತಿದ್ದೆವು. ಮೂಲೆಯ ಟಿವಿಯಲ್ಲಿ ಲೋಕಸಭೆಯ ಗದ್ದಲ. ಪಕ್ಕದ ತೋಟದ ಮಾವ ಕೇಳಿದರು, "ಈ ಪಕ್ಷೇತರ ಅಂದ್ರೆ ಯಾರ ಕಡೆಗೂ ಇಲ್ಲದವರು ಅಂತ ತಾನೆ?"

ಪದ ಬಿಡಿಸಿದರೆ ಹಾಗೇ ಕಾಣುತ್ತದೆ. ಪಕ್ಷ + ಇತರ, ಗುಣಸಂಧಿ. ಪಕ್ಷಕ್ಕೆ ಹೊರಗಿನವರು, ಅಷ್ಟೇ. ಪಕ್ಷದ ಟಿಕೆಟ್ ಇಲ್ಲದೆ ನಿಂತು ಗೆದ್ದವರು. ನಮ್ಮ ಬಾಯಲ್ಲಿ 'ಇಂಡಿಪೆಂಡೆಂಟ್'. ಇದನ್ನು 'ತಟಸ್ಥ' ಅನ್ನೋ ಪದದ ಜೊತೆ ಬೆರೆಸಬಾರದು. ತಟ ಅಂದರೆ ದಡ. ದಡದಲ್ಲಿ ನಿಂತು ನೋಡುವವನು ತಟಸ್ಥ. ಪಕ್ಷೇತರ ಹೊಳೆಗೆ ಇಳಿದವನೇ, ಯಾರ ದೋಣಿಯಲ್ಲೂ ಕೂತಿಲ್ಲ.

ಕೊಡಗಿನವರಿಗೆ ಇದಕ್ಕೆ ಮನೆಯದೇ ಉದಾಹರಣೆ ಇದೆ. 1952ರಲ್ಲಿ ಕೊಡಗು 'ಸಿ' ದರ್ಜೆಯ ಪ್ರತ್ಯೇಕ ರಾಜ್ಯ. ವಿಧಾನಸಭೆಗೆ 24 ಸ್ಥಾನ. ಕಾಂಗ್ರೆಸ್ಸಿಗೆ 15, ಪಕ್ಷೇತರರಿಗೆ 9 ಅಂತ ಚುನಾವಣೆಯ ಲೆಕ್ಕದಲ್ಲಿದೆ. ಆದರೆ ಜನ ಆ ಒಂಬತ್ತು ಮಂದಿಯನ್ನು ಕರೆದದ್ದು 'ತಕ್ಕಡಿ ಪಾರ್ಟಿ' ಅಂತ. ಪಂದ್ಯಂಡ ಬೆಳ್ಯಪ್ಪ ಆ ಗುಂಪಿನ ಮುಂದಾಳು. ಮೈಸೂರಿನ ಜೊತೆ ಕೊಡಗು ಸೇರುವುದು ಬೇಡ ಅನ್ನೋದು ಅವರ ನಿಲುವು. ಸೇರೋಣ ಅಂದ ಕಾಂಗ್ರೆಸ್ಸಿನ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, 1956ರ ನವೆಂಬರ್ 1ಕ್ಕೆ ವಿಲೀನವೂ ಆಯಿತು. ಕಾಗದದ ಮೇಲೆ ಪಕ್ಷೇತರರು, ನಿಲುವಿನಲ್ಲಿ ಒಂದೇ ಗುಂಪು. ಹಾಗಾಗಿ 'ಪಕ್ಷೇತರ' ಅನ್ನೋ ಹಣೆಪಟ್ಟಿ ನೋಡಿದರೆ ಅವರು ಯಾವ ಕಡೆ ಅಂತ ಏನೂ ತಿಳಿಯಲ್ಲ. ಮತ ಹಾಕಿದ್ದು ಹೇಗೆ, ಅವರ ಹಿತ ಎಲ್ಲೆಲ್ಲಿದೆ, ಈ ಎರಡನ್ನು ನೋಡಬೇಕು.

ಪಕ್ಷದ ಸಂಸದರ ಮತವನ್ನು ಊಹಿಸುವುದು ಸುಲಭ. ಪಕ್ಷ 'ವಿಪ್', ಅಂದರೆ ಹೀಗೇ ಮತ ಹಾಕಿ ಅನ್ನೋ ಆಜ್ಞೆ ಕೊಡುತ್ತದೆ, ಸದಸ್ಯರು ಅದರಂತೆ ಗುಂಡಿ ಒತ್ತುತ್ತಾರೆ. ಮೀರಿದರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನಡಿ, ಅಂದರೆ ಸಂವಿಧಾನದ ಹತ್ತನೇ ಅನುಸೂಚಿಯಡಿ, ಸ್ಥಾನವೇ ಹೋಗಬಹುದು. ಪಕ್ಷೇತರರಿಗೆ ವಿಪ್ ಇಲ್ಲ. ಹಾಗಂತ ಕಾನೂನು ಅವರನ್ನು ಸುಮ್ನೆ ಬಿಟ್ಟಿಲ್ಲ. ಗೆದ್ದ ಮೇಲೆ ಯಾವುದೇ ಪಕ್ಷ ಸೇರಿದರೆ ಅವರೂ ಅನರ್ಹ. ಬೆಂಬಲ ಕೊಡಬಹುದು, ಸೇರುವಂತಿಲ್ಲ. ಪಕ್ಕದ ಮಂಡ್ಯದಲ್ಲಿ ಇದನ್ನು ನೋಡಿದ್ದೇವಲ್ವಾ? 2019ರಲ್ಲಿ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಪಕ್ಷೇತರರಾಗಿ ಗೆದ್ದರು. ಬಿಜೆಪಿ ಅಲ್ಲಿ ಅಭ್ಯರ್ಥಿಯನ್ನೇ ಹಾಕಿರಲಿಲ್ಲ. 2023ರ ಮಾರ್ಚಲ್ಲಿ ಅವರು ಆ ಪಕ್ಷಕ್ಕೆ 'ಬೆಂಬಲ' ಅಂದರು. ಪಕ್ಷ ಸೇರಿದ್ದು 2024ರ ಚುನಾವಣೆಯ ಹೊತ್ತಿಗೆ. 'ಬೆಂಬಲ', 'ಸೇರ್ಪಡೆ' ಈ ಎರಡು ಪದದ ನಡುವೆ ಒಬ್ಬ ಪಕ್ಷೇತರರ ಇಡೀ ಅವಧಿ ಕಳೆದುಹೋಗಬಹುದು.

ಇನ್ನು ಮತದ ದಾಖಲೆ. ಇದರ ಬಗ್ಗೆ ಜನರಿಗೆ ತಪ್ಪು ಕಲ್ಪನೆ ಜಾಸ್ತಿ. ಪ್ರತಿ ಮಸೂದೆಗೂ ಯಾರು ಏನು ಅಂದರು ಅಂತ ಬರೆದಿಟ್ಟಿರುತ್ತಾರೆ ಅಂದುಕೊಂಡಿದ್ದೇವೆ. ಇಲ್ಲ. ಬಹುಪಾಲು ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. 'ಹೌದು' ಅನ್ನುವವರು ಕೂಗುತ್ತಾರೆ, 'ಇಲ್ಲ' ಅನ್ನುವವರು ಕೂಗುತ್ತಾರೆ, ಸಭಾಧ್ಯಕ್ಷರು ಕಿವಿಗೊಟ್ಟು ತೀರ್ಪು ಹೇಳುತ್ತಾರೆ. ಯಾರ ಗಂಟಲು ಯಾವ ಕಡೆ ಇತ್ತು ಅನ್ನೋದು ಎಲ್ಲೂ ಉಳಿಯಲ್ಲ. 2020ರ ಸೆಪ್ಟೆಂಬರಿನಲ್ಲಿ ಕೃಷಿ ಮಸೂದೆಗಳು ಹೀಗೇ ಪಾಸಾದವು. ದೇಶವೆಲ್ಲ ಅದರ ಬಗ್ಗೆ ಜಗಳಾಡಿತು. 2021ರ ನವೆಂಬರ್ 29ರಂದು ಅವು ರದ್ದಾದದ್ದೂ ಧ್ವನಿಮತದಲ್ಲೇ. ಬೆಳೆಗಾರ ತನ್ನ ಸಂಸದರನ್ನು 'ನೀವು ಅವತ್ತು ಯಾವ ಕಡೆ?' ಅಂತ ಕೇಳಿದರೆ ಉತ್ತರ ಅವರ ಬಾಯಿಂದಲೇ ಬರಬೇಕು.

ಯಾರಾದರೂ ಸದಸ್ಯರು ಪಟ್ಟು ಹಿಡಿದು ಕೇಳಿದರೆ ಮಾತ್ರ 'ಡಿವಿಷನ್', ಅಂದರೆ ಎಣಿಕೆಯ ಮತದಾನ. ಮೇಜಿನ ಗುಂಡಿ: ಹಸಿರು ಹೌದು, ಕೆಂಪು ಇಲ್ಲ, ಹಳದಿ ಯಾವ ಕಡೆಗೂ ಇಲ್ಲ. ಹೆಸರು ಸಮೇತ ನಡಾವಳಿಯಲ್ಲಿ ಅಚ್ಚಾಗುತ್ತದೆ. ಸಂವಿಧಾನ ತಿದ್ದುಪಡಿಗಾದರೆ ಯಾರೂ ಕೇಳದಿದ್ದರೂ ಇದು ಕಡ್ಡಾಯ. ಅದಕ್ಕೇ 2023ರ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಪರ, 2 ವಿರೋಧ ಅಂತ ಖಚಿತವಾಗಿ ಹೇಳಬಹುದು. 1999ರಲ್ಲಿ ವಾಜಪೇಯಿ ಸರ್ಕಾರ 269-270ರಲ್ಲಿ, ಒಂದೇ ಮತದಲ್ಲಿ ಬಿತ್ತು. ಅಂಥ ದಿನ ವಿಪ್ ಇಲ್ಲದವರ ಮನೆ ಬಾಗಿಲಲ್ಲಿ ಎಷ್ಟು ಕಾರು ನಿಲ್ಲುತ್ತವೋ!

ಎರಡನೇ ಪದ 'ಹಿತಾಸಕ್ತಿ'. ಇದು 'ಆಸಕ್ತಿ' ಅಲ್ಲ. ಲೋಕಸಭೆಯ ಪರಿಚಯ ಪುಟಗಳಲ್ಲಿ ಸದಸ್ಯರ ವಿಶೇಷ ಆಸಕ್ತಿ ಅಂತ ಒಂದು ಕಲಂ ಇದೆ. ಓದು, ಯೋಗ, ಪ್ರವಾಸ, ಕ್ರಿಕೆಟ್. ಪಾಪ, ಯಾರಿಗೂ ತೊಂದರೆ ಇಲ್ಲ. ಹಿತಾಸಕ್ತಿ ಅಂದರೆ ದುಡ್ಡಿನ ನಂಟು. ರಾಜ್ಯಸಭೆಯಲ್ಲಿ ಇದಕ್ಕೇ ಒಂದು ರಿಜಿಸ್ಟರ್ ಇದೆ. ಕಂಪನಿಯ ನಿರ್ದೇಶಕ ಸ್ಥಾನ, ಸಂಬಳದ ಕೆಲಸ, ಕಂಪನಿಯನ್ನು ಹಿಡಿತದಲ್ಲಿಡುವಷ್ಟು ಷೇರು, ಫೀಸು ಪಡೆಯುವ ಸಲಹೆಗಾರಿಕೆ, ವಕೀಲಿಯಂಥ ವೃತ್ತಿ, ಇವನ್ನು ಬರೆದುಕೊಡಬೇಕು. ಲೋಕಸಭೆಗೆ ನಿಲ್ಲುವವರ ಆಸ್ತಿ, ಸಾಲ, ಆದಾಯದ ಮೂಲ ನಾಮಪತ್ರದ ಜೊತೆಗಿನ ಅಫಿಡವಿಟ್‌ನಲ್ಲಿ, ನಮೂನೆ 26ರಲ್ಲಿ ಸಿಗುತ್ತವೆ.

ಲೋಕಸಭೆಯ ನಿಯಮ 371 ನಮ್ಮ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಸ್ವಂತ, ನೇರ, ಹಣದ ಹಿತ ಇರುವ ಸದಸ್ಯರ ಮತಕ್ಕೆ ಆಕ್ಷೇಪ ಎತ್ತಬಹುದು. ಆದರೆ ಆ ಹಿತ ಒಂದು ವರ್ಗದ ಎಲ್ಲರಿಗೂ ಸೇರಿದ್ದಾದರೆ ಆಕ್ಷೇಪ ನಿಲ್ಲಲ್ಲ. ಸಿದ್ದಾಪುರದ ಕಡೆ ತೋಟ ಇರುವ ಒಬ್ಬ ಸಂಸದರು ಅಂದುಕೊಳ್ಳಿ. ಕಾಫಿ ಕಾಯ್ದೆಗೆ ಮತ ಹಾಕಿದರೆ ತಕರಾರಿಲ್ಲ, ಅದು ಬೆಳೆಗಾರರೆಲ್ಲರ ವಿಷಯ. ಮಸೂದೆ ಅವರದೇ ಕ್ಯೂರಿಂಗ್ (ಕಾಫಿ ಬೀಜ ಹದಮಾಡುವ) ಕಂಪನಿಗೆ ಮಾತ್ರ ಲಾಭ ತರುವಂಥದ್ದಾದರೆ ತಕರಾರಿದೆ. ನನ್ನ ಮಟ್ಟಿಗೆ ಮೊದಲನೆಯದೂ ಅಷ್ಟು ಸರಳವಲ್ಲ. ಎರಡು ಎಕರೆಯವನ ಹಿತ, ಇನ್ನೂರು ಎಕರೆಯವನ ಹಿತ ಒಂದೇ ಆಗುವುದುಂಟೇ?

ಪಕ್ಷ ಇದ್ದರೆ ಈ ಕಾಯಿಲೆ ಬರಲ್ಲ ಅಂತೇನಿಲ್ಲ. 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ದುಡ್ಡು ಪಡೆದರು ಅಂತ ಸಂಸತ್ತು ಹೊರಹಾಕಿದ 11 ಮಂದಿಯೂ ಪಕ್ಷದವರೇ.

ನಮ್ಮಲ್ಲಿ ಪಕ್ಷೇತರ ಸಂಸದರು ಗೆಲ್ಲುವುದು ಕಷ್ಟ ಅನ್ನಿ. ಮೈಸೂರು-ಕೊಡಗು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಮಡಿಕೇರಿ, ವಿರಾಜಪೇಟೆ ಎರಡೇ. ಉಳಿದ ಆರು ಮೈಸೂರು ಜಿಲ್ಲೆಯಲ್ಲಿ.

ಇಷ್ಟು ಹೇಳುವಷ್ಟರಲ್ಲಿ ಮಳಿಗೆಯ ಹುಡುಗ ಮಾವನ ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್ ಕೂಗಿದ. 50 ಕೆಜಿ ಚೆರಿಗೆ 26 ಕೆಜಿ ಬೀಜ. ಮಾವನಿಗೆ ಸಮಾಧಾನವಾಗಲಿಲ್ಲ.

"ಇನ್ನೊಂದು ಸ್ಯಾಂಪಲ್ ತೆಗಿ ಮಗಾ, ಈ ಸಲ ಮೂಟೆಯ ಅಡಿಯಿಂದ."